ಹಲವು ಸರ್ವರ್‌ಗಳಿಗೆ ಕೈ ಹಾಕದೆ ಓಎಸ್: ಪಿಎಕ್ಸ್‌ಇ, ಕಿಕ್‌ಸ್ಟಾರ್ಟ್ ಜೊತೆ ನನ್ನ ಅನುಭವ

ಓಎಸ್ ಇನ್‌ಸ್ಟಾಲ್ ತಾನಾಗಿಯೇ ಆಗುತ್ತಿದೆ ಎನ್ನಬೇಕಾದರೆ ನಾನು ಎರಡು ಸಂಗತಿ ನೋಡುತ್ತೇನೆ. ಬೇಕೆಂದಾಗ ಯಾರೂ ಕೀಬೋರ್ಡ್ ಮುಟ್ಟದೆ ಸರ್ವರ್ ಹೊಸದಾಗಬೇಕು. ಬೇಡವೆಂದಾಗ ಎಷ್ಟು ಸಲ ರೀಬೂಟ್ ಆದರೂ ಡಿಸ್ಕ್‌ನಲ್ಲಿರುವುದಕ್ಕೆ ಧಕ್ಕೆಯಾಗಬಾರದು. ಮೊದಲನೆಯದಕ್ಕೆ ಮಾದರಿ ಫೈಲುಗಳು ಎಲ್ಲೆಡೆ ಸಿಗುತ್ತವೆ. ಎರಡನೆಯದನ್ನು ನಾವೇ ಕಟ್ಟಿಕೊಳ್ಳಬೇಕು.

ಪಿಎಕ್ಸ್‌ಇ ಎಂದರೆ ಸರ್ವರ್ ತನ್ನ ಡಿಸ್ಕ್‌ನ ಬದಲು ನೆಟ್‌ವರ್ಕ್‌ನಿಂದ ಬೂಟ್ ಆಗುವ ಪದ್ಧತಿ. ಅದಕ್ಕೆ ನನ್ನ ಏರ್ಪಾಡು ಚಿಕ್ಕದು. ಒಂದೇ ಲಿನಕ್ಸ್ ಯಂತ್ರದಲ್ಲಿ ಡಿಎಚ್‌ಸಿಪಿ (ಯಂತ್ರಗಳಿಗೆ ಐಪಿ ವಿಳಾಸ ಹಂಚುವುದು) ಮತ್ತು ಟಿಎಫ್‌ಟಿಪಿಗೆ (ಫೈಲು ಕಳಿಸುವ ಸರಳ ಪದ್ಧತಿ) ಡಿಎನ್‌ಎಸ್‌ಮಾಸ್ಕ್ ಎಂಬ ಪ್ರೋಗ್ರಾಂ, ಎಚ್‌ಟಿಟಿಪಿಗೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್. ಹಾಕುವುದು ರಾಕಿ ಲಿನಕ್ಸ್ 9. ಹಾಗಾಗಿ ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಕಿಕ್‌ಸ್ಟಾರ್ಟ್ ಫೈಲಿನಲ್ಲಿರುತ್ತದೆ. ನೆಟ್‌ವರ್ಕ್ ಕಾರ್ಡ್ ಡಿಎಚ್‌ಸಿಪಿ ಕೇಳುವಾಗ ಆಪ್ಷನ್ 93ರಲ್ಲಿ ತನ್ನ ಜಾತಿ ಹೇಳುತ್ತದೆ: ಯಂತ್ರದ ಫರ್ಮ್‌ವೇರ್ (ಓಎಸ್‌ಗೂ ಮೊದಲು ಓಡುವ ತಂತ್ರಾಂಶ) ಹಳೆಯ ಬಯೋಸ್ ಆದರೆ 0, ಅದರ ಬದಲು ಬಂದ 64 ಬಿಟ್ ಯುಇಎಫ್‌ಐ ಆದರೆ ಸಾಮಾನ್ಯವಾಗಿ 7. ಅದನ್ನು ನೋಡಿ ಸರಿಯಾದ ಐಪಿಎಕ್ಸ್‌ಇ (ಎಚ್‌ಟಿಟಿಪಿಯನ್ನೂ ಬಲ್ಲ ನೆಟ್‌ವರ್ಕ್ ಬೂಟ್ ಪ್ರೋಗ್ರಾಂ) ಫೈಲು ಕೊಡಬೇಕು. ಮೇಲೆದ್ದ ಐಪಿಎಕ್ಸ್‌ಇ ಮತ್ತೊಮ್ಮೆ ಡಿಎಚ್‌ಸಿಪಿ ಕೇಳುತ್ತದೆ. ಆಗ ಅದನ್ನು ಗುರುತಿಸಿ (ಆಪ್ಷನ್ 175 ಇರುತ್ತದೆ) ಎಚ್‌ಟಿಟಿಪಿ ಸ್ಕ್ರಿಪ್ಟ್‌ನ ವಿಳಾಸ ಕೊಡದಿದ್ದರೆ ಅದು ತನ್ನನ್ನೇ ಮತ್ತೆ ಮತ್ತೆ ಇಳಿಸಿಕೊಳ್ಳುತ್ತಾ ಸುತ್ತುತ್ತದೆ. ಸೆಕ್ಯೂರ್ ಬೂಟ್ (ಸಹಿಯಿರುವ ತಂತ್ರಾಂಶವನ್ನಷ್ಟೇ ಓಡಿಸುವ ವ್ಯವಸ್ಥೆ) ಆನ್ ಇದ್ದಲ್ಲಿ ನಾವೇ ಕಂಪೈಲ್ ಮಾಡಿದ ಐಪಿಎಕ್ಸ್‌ಇಗೆ ಸಹಿ ಇರುವುದಿಲ್ಲ, ಫರ್ಮ್‌ವೇರ್ ಅದನ್ನು ಓಡಿಸುವುದಿಲ್ಲ. ಅಲ್ಲಿ ಸಹಿ ಇರುವ ಬೂಟ್ ಪ್ರೋಗ್ರಾಂಗಳಾದ ರಾಕಿಯದೇ ಶಿಮ್ ಮತ್ತು ಗ್ರಬ್ ಬಳಸಿ.

ಟಿಎಫ್‌ಟಿಪಿಯಿಂದ ಈ ಮೊದಲ ಫೈಲು ಮಾತ್ರ. ಟಿಎಫ್‌ಟಿಪಿ ಮೂಲತಃ 512 ಬೈಟ್‌ಗಳ ತುಂಡು ಕಳಿಸಿ, ಪ್ರತಿ ತುಂಡಿಗೂ ಉತ್ತರ ಬರುವವರೆಗೆ ಕಾಯುವ ಪದ್ಧತಿ. ಕರ್ನಲ್, ಇನಿಟ್‌ಆರ್‌ಡಿ (ಕರ್ನಲ್ ಜೊತೆ ಮೆಮೊರಿಗೆ ಬರುವ ಆರಂಭಿಕ ಫೈಲುಗಳ ಕಟ್ಟು), ಪ್ಯಾಕೇಜುಗಳೆಲ್ಲ ಎಚ್‌ಟಿಟಿಪಿಯಲ್ಲೇ ಬರಲಿ.

ಡಿಎಚ್‌ಸಿಪಿಗೆ ಉತ್ತರವೇ ಬರುತ್ತಿಲ್ಲವಾದರೆ ಮೊದಲು ಸ್ವಿಚ್ ನೋಡಿ. ಸ್ಪ್ಯಾನಿಂಗ್ ಟ್ರೀ (ಸ್ವಿಚ್‌ಗಳ ನಡುವೆ ಸುತ್ತುದಾರಿ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಪೋರ್ಟ್ ಲಿಸನಿಂಗ್‌ನಲ್ಲಿ 15, ಲರ್ನಿಂಗ್‌ನಲ್ಲಿ 15, ಒಟ್ಟು 30 ಸೆಕೆಂಡು ಏನನ್ನೂ ದಾಟಿಸುವುದಿಲ್ಲ. ಅಷ್ಟರಲ್ಲಿ ಎಷ್ಟೋ ಫರ್ಮ್‌ವೇರ್‌ಗಳು ಕೈಚೆಲ್ಲಿರುತ್ತವೆ. ಸರ್ವರ್ ಕಡೆಯ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ (ಈ ಕಾಯುವಿಕೆ ಇಲ್ಲದ ಪೋರ್ಟ್) ಮಾಡಿ. ಎರಡು ಕೇಬಲ್ ಸೇರಿಸಿ ಒಂದೇ ಕೊಂಡಿ (ಬಾಂಡ್) ಮಾಡುವ ಎಲ್‌ಎಸಿಪಿ ಹಾಕಿದ್ದರೆ ಇನ್ನೊಂದು ತೊಡಕು: ಪಿಎಕ್ಸ್‌ಇ ಫರ್ಮ್‌ವೇರ್ ಸಾಮಾನ್ಯವಾಗಿ ಎಲ್‌ಎಸಿಪಿ ಮಾತಾಡುವುದಿಲ್ಲ. ಬಾಂಡ್ ಮೇಲೇಳುವವರೆಗೆ ಒಂದು ಪೋರ್ಟ್ ಒಂಟಿಯಾಗಿ ಕೆಲಸ ಮಾಡುವಂತೆ ಸ್ವಿಚ್‌ನಲ್ಲಿ ಫಾಲ್‌ಬ್ಯಾಕ್ ಕೊಡಬೇಕು.

ಇನ್ನು ಅಪಾಯದ ಜಾಗ, ಡಿಸ್ಕ್. ಲಿನಕ್ಸ್ ಸಾಮಾನ್ಯವಾಗಿ ಮೊದಲು ಕಂಡ ಡಿಸ್ಕ್‌ಗೆ ಕೊಡುವ ಎಸ್‌ಡಿಎ ಎಂಬ ಹೆಸರನ್ನು ನಂಬಬೇಡಿ. ಬಿಎಂಸಿಯ (ಸರ್ವರ್ ಅನ್ನು ದೂರದಿಂದ ನಿಯಂತ್ರಿಸುವ ಪ್ರತ್ಯೇಕ ಚಿಪ್) ವರ್ಚುವಲ್ ಮೀಡಿಯಾ ಅಥವಾ ಮರೆತುಹೋದ ಯುಎಸ್‌ಬಿ ಪೆನ್‌ಡ್ರೈವ್ ಆ ಹೆಸರು ಹಿಡಿದು ಕೂತಿರಬಹುದು. ಕಿಕ್‌ಸ್ಟಾರ್ಟ್‌ನಲ್ಲಿ ‘ಕ್ಲಿಯರ್‌ಪಾರ್ಟ್ ಆಲ್’ ಒಂದನ್ನೇ ಬರೆದರೆ ಕಣ್ಣಿಗೆ ಬಿದ್ದ ಎಲ್ಲ ಡಿಸ್ಕ್‌ಗಳೂ ಅಳಿಯುತ್ತವೆ, ಡೇಟಾ ಡಿಸ್ಕ್ ಮತ್ತು ಸ್ಯಾನ್‌ನ ಲನ್ (ನೆಟ್‌ವರ್ಕ್ ಮೂಲಕ ಬರುವ ಹಂಚಿಕೆಯ ಡಿಸ್ಕ್) ಕೂಡ. ನಾನು ಇನ್‌ಸ್ಟಾಲ್‌ಗೆ ಮೊದಲು ಓಡುವ ‘ಪ್ರೀ’ ಭಾಗದಲ್ಲಿ ಒಂದು ಸಣ್ಣ ಶೆಲ್ ಸ್ಕ್ರಿಪ್ಟ್ ಇಡುತ್ತೇನೆ. ಅದು ಡಿಸ್ಕ್‌ನ ಗಾತ್ರ ಮತ್ತು ಮಾದರಿ ನೋಡಿ ‘ಬೈ-ಐಡಿ’ ಹೆಸರಿನಿಂದ (ಡಿಸ್ಕ್‌ನ ಸ್ವಂತ ಗುರುತಿನ ಹೆಸರು) ಒಂದನ್ನೇ ಆರಿಸಿ, ಅದನ್ನು ಬಿಟ್ಟು ಬೇರೆ ಡಿಸ್ಕ್ ಮುಟ್ಟದಂತೆ ಹೇಳುವ ‘ಇಗ್ನೋರ್‌ಡಿಸ್ಕ್ ಓನ್ಲಿ-ಯೂಸ್’ ಸಾಲನ್ನು ಟೆಂಪ್ ಫೈಲಿಗೆ ಬರೆಯುತ್ತದೆ. ಮುಖ್ಯ ಫೈಲು ಅದನ್ನು ‘ಇನ್‌ಕ್ಲೂಡ್’ ಮಾಡಿಕೊಳ್ಳುತ್ತದೆ. ಹೊಂದುವ ಡಿಸ್ಕ್ ಒಂದೂ ಸಿಗಲಿಲ್ಲ ಅಥವಾ ಎರಡು ಸಿಕ್ಕವು ಎಂದಾದರೆ ಊಹೆಗೆ ಅವಕಾಶವಿಲ್ಲ: ‘ಎರರ್‌ಆನ್‌ಫೇಲ್’ ಕೊಟ್ಟು ಅಲ್ಲೇ ನಿಲ್ಲಿಸಿ.

ಯಾವ ಸರ್ವರ್‌ಗೆ ಯಾವ ಫೈಲು ಎಂಬುದನ್ನು ಸೀರಿಯಲ್ ನಂಬರ್‌ನಿಂದ ನಿರ್ಧರಿಸುತ್ತೇನೆ. ನೆಟ್‌ವರ್ಕ್ ಕಾರ್ಡ್ ಬದಲಾದರೆ ಅದರ ಗುರುತಾದ ಮ್ಯಾಕ್ ವಿಳಾಸವೂ ಬದಲಾಗುತ್ತದೆ, ಸೀರಿಯಲ್ ಹಾಗೇ ಉಳಿಯುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಆ ಜಾಗ ಖಾಲಿ ಇರುತ್ತದೆ. ಅವಕ್ಕೆ ಮಾತ್ರ ಮ್ಯಾಕ್.

ಮರು-ಇನ್‌ಸ್ಟಾಲ್ ಸುಳಿಯನ್ನು ಎರಡು ಕಡೆ ತಡೆಯಬೇಕು. ಸರ್ವರ್‌ನಲ್ಲಿ ಡಿಸ್ಕ್ ಮೊದಲಿರಲಿ. ಪಿಎಕ್ಸ್‌ಇ ಬೇಕಾದಾಗ ಐಪಿಎಂಐ (ಬಿಎಂಸಿಗೆ ಆದೇಶ ಕೊಡುವ ಪದ್ಧತಿ) ಮೂಲಕ ಒಂದು ಬೂಟ್‌ಗೆ ಮಾತ್ರ ಹೇಳಿ. ಹೇಳಿದ ಕೂಡಲೇ ಪವರ್ ಸೈಕಲ್ ಮಾಡಿ, ಏಕೆಂದರೆ ಐಪಿಎಂಐ ನಿಯಮದಂತೆ 60 ಸೆಕೆಂಡು ಕಳೆದರೆ ಆ ಸೂಚನೆ ಬಿದ್ದುಹೋಗುತ್ತದೆ. ಯುಇಎಫ್‌ಐ ಯಂತ್ರಕ್ಕೆ ‘ಇಎಫ್‌ಐಬೂಟ್’ ಆಯ್ಕೆಯನ್ನೂ ಸೇರಿಸಿ, ಇಲ್ಲವಾದರೆ ಕೆಲವು ಯಂತ್ರಗಳು ಹಳೆಯ ಬಯೋಸ್ ದಾರಿ ಹಿಡಿಯುತ್ತವೆ. ಎಚ್‌ಟಿಟಿಪಿ ಕಡೆ ಯಾರು ಕೇಳಿದರೂ ಮೊದಲ ಉತ್ತರ ‘ಡಿಸ್ಕ್‌ನಿಂದ ಬೂಟ್ ಆಗು’. ಆ ಸೀರಿಯಲ್‌ಗೆ ಒಪ್ಪಿಗೆಯ ಗುರುತು ಹಾಕಿದ್ದರೆ ಮಾತ್ರ ಇನ್‌ಸ್ಟಾಲರ್. ಈ ಗುರುತನ್ನು ಅನೇಕರು ಇನ್‌ಸ್ಟಾಲ್ ಆದಮೇಲೆ ಓಡುವ ‘ಪೋಸ್ಟ್’ ಭಾಗದ ಕೊನೆಯಲ್ಲಿ ಅಳಿಸುತ್ತಾರೆ. ನನಗದು ಒಪ್ಪಿಗೆಯಿಲ್ಲ: ನಡುವೆ ಏನಾದರೂ ಕೆಟ್ಟರೆ ಗುರುತು ಉಳಿದು, ಮುಂದಿನ ನೆಟ್‌ವರ್ಕ್ ಬೂಟ್ ಮತ್ತೆ ಡಿಸ್ಕ್ ಅಳಿಸುತ್ತದೆ. ಕಿಕ್‌ಸ್ಟಾರ್ಟ್ ಫೈಲು ಕೊಟ್ಟ ಕ್ಷಣವೇ ಗುರುತು ತೆಗೆಯಿರಿ. ಆಗ ಕೆಟ್ಟ ಇನ್‌ಸ್ಟಾಲ್ ಕೆಟ್ಟಲ್ಲೇ ನಿಂತು ನೋಡಲು ಸಿಗುತ್ತದೆ.

ಕಿಕ್‌ಸ್ಟಾರ್ಟ್ ಫೈಲನ್ನು ಆ ನೆಟ್‌ವರ್ಕ್‌ನಲ್ಲಿರುವ ಯಾರು ಬೇಕಾದರೂ ಓದಬಹುದು. ಹ್ಯಾಶ್ ಆದರೂ ಪಾಸ್‌ವರ್ಡ್ ಬೇಡ. ರೂಟ್ ಲಾಕ್ ಮಾಡಿ, ಎಸ್‌ಎಸ್‌ಎಚ್ ಸಾರ್ವಜನಿಕ ಕೀ ಮಾತ್ರ ಇಡಿ. ‘ಪೋಸ್ಟ್’ ಭಾಗ ಚಿಕ್ಕದಿರಲಿ, ಉಳಿದ ಸಂರಚನೆಯನ್ನು ಅದಕ್ಕೆಂದೇ ಇರುವ ಆನ್ಸಿಬಲ್ ಎಂಬ ಸಾಧನ ನೋಡಿಕೊಳ್ಳಲಿ. ಫೈಲು ತಿದ್ದಿದಾಗಲೆಲ್ಲ ಕೆಎಸ್‌ವ್ಯಾಲಿಡೇಟರ್ ಓಡಿಸಿ. ಅದು ಬರಹದ ತಪ್ಪು ಹಿಡಿಯುತ್ತದೆ, ತಪ್ಪು ಡಿಸ್ಕ್ ಹಿಡಿಯುವುದಿಲ್ಲ. ಹಾಗಾಗಿ ಒಂದು ಯಂತ್ರದಲ್ಲಿ ಪೂರ್ತಿ ಓಡಿಸಿ ನೋಡದೆ ಇಡೀ ರ್‍ಯಾಕ್‌ಗೆ ಒಪ್ಪಿಗೆ ಕೊಡಬೇಡಿ. ಆ ಓಟವನ್ನು ದೂರದಿಂದ ನೋಡಲು ಕರ್ನಲ್ ಸಾಲಿನಲ್ಲಿ ಸೀರಿಯಲ್ ಕನ್ಸೋಲನ್ನು (ಸೀರಿಯಲ್ ಪೋರ್ಟ್ ಮೂಲಕ ಬಿಎಂಸಿಯಿಂದ ಕಾಣುವ ತೆರೆ) ಕೊನೆಯದಾಗಿ ಬರೆಯಿರಿ. ಕೊನೆಗೆ ಬರೆದದ್ದೇ ಮುಖ್ಯ ಕನ್ಸೋಲ್ ಆಗುತ್ತದೆ. ಪೋರ್ಟ್ ಸಂಖ್ಯೆ ಮತ್ತು ವೇಗ (ಬಹಳ ಕಡೆ 115200) ಬಿಎಂಸಿಯಲ್ಲಿರುವುದಕ್ಕೆ ಹೊಂದದಿದ್ದರೆ ತೆರೆ ಖಾಲಿ ಕಾಣುತ್ತದೆ, ಒಳಗೆ ಇನ್‌ಸ್ಟಾಲ್ ಮಾತ್ರ ನಡೆಯುತ್ತಲೇ ಇರುತ್ತದೆ.