ಕನ್ನಡ–ಮಲಯಾಳ ಜಾಲತಾಣ ಕಟ್ಟುವವರ ಕಂಪ್ಯೂಟರ್ ಹೀಗಿರಲಿ

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಮನೆಯಲ್ಲೇ ಕುಳಿತು ಜಾಲತಾಣ ಮಾಡಿಕೊಡುವವರ ಬಳಿಗೆ ದೇವಸ್ಥಾನದ ಬ್ರಹ್ಮಕಲಶೋತ್ಸವ ಸಮಿತಿ, ಸಹಕಾರಿ ಸಂಘ, ಹೋಮ್‌ಸ್ಟೇ, ಅಡಿಕೆ ವ್ಯಾಪಾರಿ ಇಂಥವರೇ ಹೆಚ್ಚಾಗಿ ಬರುತ್ತಾರೆ. ಅವರ ಪುಟ ಕನ್ನಡದಲ್ಲೂ ಮಲಯಾಳದಲ್ಲೂ ಇರಬೇಕು, ಸಾಧಾರಣ ಮೊಬೈಲಿನಲ್ಲಿ ಬೇಗ ತೆರೆಯಬೇಕು. ನಮ್ಮ ಕಡೆಯಿಂದ, ಮಳೆಗಾಲದಲ್ಲಿ ಕರೆಂಟು ಮತ್ತು ಇಂಟರ್‌ನೆಟ್ ಎರಡೂ ಹೋದಾಗಲೂ ಕೆಲಸ ನಿಲ್ಲಬಾರದು. ಈ ಅಗತ್ಯಗಳಿಗೆ ಒದಗದ ಸಲಕರಣೆ ಎಷ್ಟೇ ಹೆಸರುವಾಸಿಯಾಗಿದ್ದರೂ ಅದನ್ನು ಹಾಕಿಕೊಳ್ಳುವ ಅವಸರ ಬೇಡ.

ಕಂಪ್ಯೂಟರಿನಲ್ಲಿ ಲಿನಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಂ ಆದ ಉಬುಂಟು ಇರುವುದು ಅನುಕೂಲ. ಕೇರಳದ ಶಾಲೆಗಳಲ್ಲಿ ಶಾಲಾ ತಂತ್ರಜ್ಞಾನವನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೈಟ್ ಒದಗಿಸಿರುವುದು ಉಬುಂಟು ಆಧಾರಿತ ವ್ಯವಸ್ಥೆಯೇ ಆದ್ದರಿಂದ ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಅದು ಹೊಸದೇನಲ್ಲ. ವಿಂಡೋಸ್ ಬಿಡಲಾಗದವರು ಅದರೊಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಸೌಲಭ್ಯವನ್ನು ಬಳಸಬಹುದು. ಉಬುಂಟುವಿನ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಇಂಗ್ಲಿಷಿನ ಜೊತೆಗೆ ಕನ್ನಡ ಗಣಕ ಪರಿಷತ್ತಿನ 'ಕಗಪ' ವಿನ್ಯಾಸದ ಕನ್ನಡವನ್ನೂ ಮಲಯಾಳವನ್ನೂ ಸೇರಿಸಿಕೊಂಡರೆ ಸೂಪರ್ (ವಿಂಡೋಸ್ ಚಿಹ್ನೆಯ) ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಒಂದರಿಂದ ಇನ್ನೊಂದಕ್ಕೆ ಹೋಗಬಹುದು.

ಕೋಡ್ ಬರೆಯುವುದಕ್ಕೆ ವಿಎಸ್ ಕೋಡ್ ಎಂಬ ಎಡಿಟರ್ ಸಾಕು. ಅದಕ್ಕೆ ಪ್ರೆಟಿಯರ್ ಮತ್ತು ಜಾವಾಸ್ಕ್ರಿಪ್ಟಿನ ತಪ್ಪುಗಳನ್ನು ತೋರಿಸುವ ಇಎಸ್‌ಲಿಂಟ್ ಎಂಬ ಎರಡು ಎಕ್ಸ್‌ಟೆನ್ಶನ್‌ಗಳನ್ನು ಸೇರಿಸಿ, ಫೈಲನ್ನು ನಾವಾಗಿ ಉಳಿಸಿದಾಗಲೆಲ್ಲ ಪ್ರೆಟಿಯರ್ ಕೋಡನ್ನು ಓರಣಗೊಳಿಸುವಂತೆ ಮಾಡಿ, ಆಟೋ ಸೇವ್ ಚಾಲೂ ಇಡಿ. ಇಪ್ಪತ್ತು ಮೂವತ್ತು ಎಕ್ಸ್‌ಟೆನ್ಶನ್‌ಗಳನ್ನು ತುಂಬಿಸಿಕೊಂಡು ಆಮೇಲೆ ಲ್ಯಾಪ್‌ಟಾಪ್ ನಿಧಾನವೆಂದು ಗೊಣಗುವವರು ಬಹಳ. ಎಚ್‌ಟಿಎಂಎಲ್ ಅನ್ನು ಚುಟುಕಾಗಿ ಬರೆಯುವ ಎಮೆಟ್ ಹೇಗೂ ಒಳಗೇ ಇದೆ. ಎಡಿಟರಿನ ಫಾಂಟ್ ಪಟ್ಟಿಯಲ್ಲಿ ಕೋಡಿನ ಫಾಂಟಿನ ನಂತರ ನೋಟೋ ಸಾನ್ಸ್ ಕನ್ನಡ ಮತ್ತು ನೋಟೋ ಸಾನ್ಸ್ ಮಲಯಾಳಂ ಹೆಸರುಗಳನ್ನು ಸೇರಿಸಿ, ಸಾಲಿನ ಎತ್ತರವನ್ನು ಸ್ವಲ್ಪ ಹೆಚ್ಚಿಸಿ. ಇಲ್ಲವಾದರೆ 'ರಾಷ್ಟ್ರ'ದಂಥ ಪದಗಳ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ.

ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೆ ನಡೆಸುವ ನೋಡ್ ಜೆಎಸ್ ಅನ್ನು ನೇರವಾಗಿ ಅಲ್ಲದೆ, ಅದರ ಆವೃತ್ತಿಗಳನ್ನು ನಿರ್ವಹಿಸುವ ಎನ್‌ವಿಎಂ ಮೂಲಕ ಹಾಕಿಕೊಂಡು, ದೀರ್ಘಕಾಲ ಬೆಂಬಲವಿರುವ ಎಲ್‌ಟಿಎಸ್ ಆವೃತ್ತಿಯನ್ನೇ ಆರಿಸಿ. ಸಿದ್ಧ ಕೋಡಿನ ಪ್ಯಾಕೇಜುಗಳನ್ನು ತರಿಸಿಕೊಳ್ಳಲು ನೋಡ್ ಜೊತೆಗೇ ಬರುವ ಎನ್‌ಪಿಎಂಗಿಂತ ಪಿಎನ್‌ಪಿಎಂ ವಾಸಿ: ಒಮ್ಮೆ ಇಳಿಸಿಕೊಂಡ ಪ್ಯಾಕೇಜನ್ನು ಅದು ಒಂದೇ ಸಂಗ್ರಹದಲ್ಲಿಟ್ಟು ಎಲ್ಲ ಪ್ರಾಜೆಕ್ಟುಗಳಿಗೂ ಅಲ್ಲಿಂದಲೇ ಜೋಡಿಸುವುದರಿಂದ ಡಿಸ್ಕಿನ ಜಾಗವೂ ಮೊಬೈಲ್ ಹಾಟ್‌ಸ್ಪಾಟಿನ ಡೇಟಾವೂ ಉಳಿಯುತ್ತದೆ, ಬೇಕಾದುದೆಲ್ಲ ಸಂಗ್ರಹದಲ್ಲಿದ್ದರೆ ಆಫ್‌ಲೈನ್ ಆಯ್ಕೆಯಲ್ಲಿ ಇಂಟರ್‌ನೆಟ್ಟೇ ಇಲ್ಲದೆ ಹೊಸ ಪ್ರಾಜೆಕ್ಟ್ ಆರಂಭಿಸಬಹುದು. ಪುಟವನ್ನು ಕಟ್ಟುತ್ತಿರುವಾಗಲೇ ಬ್ರೌಸರಿನಲ್ಲಿ ತೋರಿಸುವ ವೀಟ್ ಸರ್ವರ್ ನಡೆಯುವುದೂ ನಮ್ಮ ಕಂಪ್ಯೂಟರಿನಲ್ಲೇ. ಫಾಂಟುಗಳನ್ನೂ ಗೂಗಲ್‌ನ ಕೊಂಡಿಯಿಂದ ತರಿಸದೆ ಫಾಂಟ್‌ಸೋರ್ಸ್ ಪ್ಯಾಕೇಜಿನಿಂದ ಪ್ರಾಜೆಕ್ಟಿನೊಳಗೇ ಇರಿಸಿಕೊಂಡರೆ, ಇಂಟರ್‌ನೆಟ್ ಲೈನ್ ಹೋದ ದಿನ ಪುಟದ ರೂಪ ಬದಲಾಗುವುದಿಲ್ಲ. ಸಂದೇಹ ಬಂದಾಗ ನೋಡುವುದಕ್ಕೆ, ಕೈಪಿಡಿಗಳ ತಾಣವಾದ ಡೆವ್‌ಡಾಕ್ಸ್‌ನಲ್ಲಿ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಕೈಪಿಡಿಗಳನ್ನು ಆಫ್‌ಲೈನ್ ಬಳಕೆಗೆ ಮುಂಚೆಯೇ ಇಳಿಸಿಕೊಳ್ಳಿ.

ಲಿನಕ್ಸ್ ರೂಪಿಸಿದ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ತಂದ, ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್, ಪ್ರಾಜೆಕ್ಟಿನ ಪೂರ್ಣ ಇತಿಹಾಸವನ್ನು ನಮ್ಮ ಕಂಪ್ಯೂಟರಿನಲ್ಲೇ ಇರಿಸುತ್ತದೆ. ಆದ್ದರಿಂದ ಇಂಟರ್‌ನೆಟ್ ಇಲ್ಲದಾಗಲೂ ಬದಲಾವಣೆಗಳನ್ನು ದಾಖಲಿಸುತ್ತಾ (ಕಮಿಟ್) ಹೋಗಿ, ಲೈನ್ ಬಂದೊಡನೆ ದೂರದ ಸರ್ವರಿಗೆ ಕಳುಹಿಸಿದರಾಯಿತು (ಪುಶ್). ಪುಶ್ ಮಾಡುವುದನ್ನು ಮರುದಿನಕ್ಕೆ ಬಿಡಬಾರದು, ಏಕೆಂದರೆ ಹಿಂಗಾರಿನ ಸಂಜೆಗಳಲ್ಲಿ ಬಡಿಯುವ ಸಿಡಿಲು ರೌಟರನ್ನು ಮಾತ್ರವಲ್ಲ, ಕೇಬಲ್ ಹಿಡಿದು ಲ್ಯಾಪ್‌ಟಾಪನ್ನೂ ಸುಡಬಲ್ಲದು. ಗುಡುಗು ಆರಂಭವಾಗುವ ಮೊದಲೇ ಚಾರ್ಜರನ್ನೂ ನೆಟ್‌ವರ್ಕ್ ಕೇಬಲನ್ನೂ ತೆಗೆದಿಡಬೇಕು. ಇನ್‌ವರ್ಟರ್ ಇದೆಯೆಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ಇಂಗ್ಲಿಷ್ ಕೈಪಿಡಿಗಳು ಹೇಳದ, ಆದರೆ ನಮ್ಮ ಸಮಯವನ್ನು ಹೆಚ್ಚು ತಿನ್ನುವ ಕೆಲಸವೆಂದರೆ ಗ್ರಾಹಕರು ಕೊಡುವ ಪಠ್ಯವನ್ನು ಸರಿಪಡಿಸುವುದು. ಪ್ರೆಸ್ಸಿನಿಂದ ಬರುವ ಆಮಂತ್ರಣ ಪತ್ರಿಕೆಯ ಫೈಲು ಸಾಮಾನ್ಯವಾಗಿ ನುಡಿ ತಂತ್ರಾಂಶದ, ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ಕೊಡುವ ಹಳೆಯ ಆಸ್ಕಿ ಫಾಂಟಿನಲ್ಲಿರುತ್ತದೆ. ಅದನ್ನು ಎಡಿಟರಿಗೆ ಅಂಟಿಸಿದರೆ 'ಕನ್ನಡ' ಎಂಬ ಪದವೇ ಇಂಗ್ಲಿಷ್ ಅಕ್ಷರಗಳ ನಡುವೆ ಪೌಂಡ್ ಚಿಹ್ನೆ ಸಿಕ್ಕಿಕೊಂಡಂತೆ ಕಾಣುತ್ತದೆ. ಇದನ್ನು, ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡಿಗೆ ಬದಲಿಸುವ ಪರಿವರ್ತಕವೂ ನಿಮ್ಮ ಸಲಕರಣೆಗಳಲ್ಲಿ ಒಂದಾಗಿರಲಿ. ಪರಿವರ್ತನೆಯಾದ ಮೇಲೆ 'ಕಾರ್ಯದರ್ಶಿ', 'ಶರ್ಮ' ಮುಂತಾದ ಪದಗಳನ್ನು ಕಣ್ಣಿಟ್ಟು ನೋಡಬೇಕು, ಏಕೆಂದರೆ ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಯೂನಿಕೋಡಿನಲ್ಲೇ ಬಂದ ಪಠ್ಯದಲ್ಲೂ ಅನುಸ್ವಾರದ ಜಾಗದಲ್ಲಿ ಸೊನ್ನೆ ಇರುವುದುಂಟು: 'ಕು೦ಬಳೆ' ಎಂಬುದು ಕಣ್ಣಿಗೆ ಸರಿಯಾಗಿಯೇ ಕಂಡರೂ 'ಕುಂಬಳೆ' ಎಂದು ಹುಡುಕಿದವರಿಗೆ ಆ ಪುಟ ಸಿಗುವುದಿಲ್ಲ. ವಿಎಸ್ ಕೋಡಿನ ಹುಡುಕಾಟದಲ್ಲಿ ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ರೆಜೆಕ್ಸ್ ಆಯ್ಕೆಯನ್ನು ಒತ್ತಿ ೦[ಕ-ಹ] ಎಂದು ಕೊಟ್ಟರೆ ಇಂಥವು ಬಹುಮಟ್ಟಿಗೆ ಸಿಕ್ಕಿಬೀಳುತ್ತವೆ. ಆದರೆ '೨೦ರಂದು' ಎಂಬ ಸರಿಯಾದ ಬರಹವೂ ಅದರಲ್ಲಿ ಸಿಗುವುದರಿಂದ ಎಲ್ಲವನ್ನೂ ಒಂದೇ ಏಟಿಗೆ ಬದಲಿಸದೆ ಒಂದೊಂದನ್ನಾಗಿ ನೋಡಿ ಬದಲಿಸಿ.

ಪರೀಕ್ಷೆಗೆ ಕ್ರೋಮಿನ ಡೆವ್‌ಟೂಲ್ಸ್ ಇದೆ: ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗದಲ್ಲಿ ಹಿಂದೆ ಇಳಿದ ಫೈಲುಗಳನ್ನು ಉಳಿಸಿಡುವ ಕ್ಯಾಶ್ ಬಳಕೆಯಾಗದಂತೆ ಮಾಡಿ, ವೇಗವನ್ನು 3ಜಿಗೆ ಇಳಿಸಿ ಪುಟವನ್ನು ತೆರೆದು ನೋಡಿ. ಆದರೂ ನಿಜವಾದ ಫೋನಿನಲ್ಲಿ ನೋಡದೆ ಯಾವುದನ್ನೂ ಒಪ್ಪಿಸಬಾರದು. ವೀಟ್ ಅನ್ನು ಹೋಸ್ಟ್ ಆಯ್ಕೆಯೊಂದಿಗೆ ಆರಂಭಿಸಿದರೆ ಟರ್ಮಿನಲ್ಲಿನಲ್ಲಿ ಕಾಣುವ ವಿಳಾಸವನ್ನು ಅದೇ ವೈಫೈಯಲ್ಲಿರುವ ಫೋನಿನಲ್ಲಿ ತೆರೆಯಬಹುದು. ಪ್ರತಿ ಪುಟದ ಭಾಷಾ ಗುರುತು ಕನ್ನಡವೋ ಮಲಯಾಳವೋ ಸರಿಯಾಗಿದೆಯೇ, ಶೀರ್ಷಿಕೆಗಳಲ್ಲಿ ಒತ್ತಕ್ಷರಗಳ ಬುಡ ಕತ್ತರಿಸಿಹೋಗಿದೆಯೇ, ಬಟನಿನಲ್ಲಿ ಕನ್ನಡ ಹಿಡಿದ ಜಾಗದಲ್ಲಿ ಮಲಯಾಳದ ಪದವೂ ಹಿಡಿಯುತ್ತದೆಯೇ ಎಂಬುದನ್ನು ಅಲ್ಲಿಯೇ ನೋಡಿ ಸರಿಪಡಿಸಿ, ಅನಂತರ ಸಮಿತಿಯವರಿಗೆ ಕೊಂಡಿಯನ್ನು ಕಳುಹಿಸಿ.