ಹೆಣ್ಣುಮಕ್ಕಳಿಗೆ ಗಲ್ಲದ ಮೇಲೆ ಕೂದಲು ಬಂದರೆ ಏನು ಮಾಡಬೇಕು?

ಬೆಳಗ್ಗೆ ಕಿಟಕಿ ಬೆಳಕಿನಲ್ಲಿ ಕನ್ನಡಿ ಹಿಡಿದು, ಗಲ್ಲದ ಕೆಳಗೆ ಬೆರಳಾಡಿಸಿ, ಚುಚ್ಚುವ ಆ ಒಂದು ಕೂದಲನ್ನು ಹುಡುಕುವುದು ನನಗೆ ಚೆನ್ನಾಗಿ ಗೊತ್ತು. ನೀವು ಒಬ್ಬರೇ ಅಲ್ಲ.

ಮೊದಲು ಕಾರಣ ತಿಳಿದುಕೊಳ್ಳಿ. ಹಲವರಲ್ಲಿ ಇದರ ಹಿಂದೆ ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರು) ಇರುತ್ತದೆ, ಕೆಲವರಿಗೆ ವಂಶದಿಂದಲೇ ಬಂದಿರುತ್ತದೆ. ಮುಟ್ಟು ಏರುಪೇರಾಗಿದ್ದರೆ ಡಾಕ್ಟರ್ ಹತ್ತಿರ ಹೋಗಿ, ಹಾರ್ಮೋನ್ ಪರೀಕ್ಷೆ ಬಗ್ಗೆ ಕೇಳಿ. ಕೂದಲು ಕೆಲವೇ ತಿಂಗಳಲ್ಲಿ ದಿಢೀರ್ ಅಂತ ಜಾಸ್ತಿಯಾಗಿ, ದನಿಯೂ ಗಡುಸಾದರೆ ತಡ ಮಾಡಲೇಬೇಡಿ.

ಶೇವ್ ಮಾಡಿದರೆ ದಪ್ಪ ಬೆಳೆಯುತ್ತದೆ ಅಂತಾರಲ್ವಾ? ಸುಳ್ಳು. ಕೂದಲಿನ ಚೂಪು ತುದಿ ಕತ್ತರಿಸಿ ಹೋಗಿ ಮೊಂಡಾಗುತ್ತದೆ, ಅದಕ್ಕೇ ಮುಟ್ಟಿದಾಗ ಒರಟು ಅನಿಸುತ್ತದೆ, ಅಷ್ಟೇ. ಹಾಗಾಗಿ ಧೈರ್ಯವಾಗಿ ಶೇವ್ ಮಾಡಿ: ಬಿಸಿನೀರಿನಲ್ಲಿ ಮುಖ ತೊಳೆದು, ಜೆಲ್ ಹಚ್ಚಿ, ಹೊಸ ಬ್ಲೇಡಿನಿಂದ, ಕೂದಲು ಬೆಳೆಯುವ ದಿಕ್ಕಿನಲ್ಲೇ. ಕಿತ್ತು ಕಿತ್ತು ಚರ್ಮದೊಳಗೆ ಕೂದಲು ಸಿಕ್ಕಿ ಗುಳ್ಳೆ, ಕಲೆ ಆಗುವವರಿಗೆ ಇದೇ ವಾಸಿ.

ಲೇಸರ್ ಕಪ್ಪು ಕೂದಲಿಗೆ ಒಳ್ಳೆಯದು, ಬಿಳಿ ಕೂದಲಿಗೆ ಕೆಲಸ ಮಾಡುವುದಿಲ್ಲ, ಅದಕ್ಕೆ ಎಲೆಕ್ಟ್ರಾಲಿಸಿಸ್ (ಸಣ್ಣ ಸೂಜಿಯಿಂದ ಒಂದೊಂದೇ ಕೂದಲಿನ ಬೇರಿಗೆ ಕರೆಂಟ್ ಕೊಟ್ಟು ತೆಗೆಯುವುದು) ಬೇಕು. ಕಂದು ಅಥವಾ ಕಪ್ಪು ಚರ್ಮವಿದ್ದರೆ ಎನ್‌ಡಿ ಯಾಗ್ ಲೇಸರ್ ಇದೆಯಾ ಅಂತ ಕೇಳಿ, ಸುಟ್ಟ ಕಲೆಯ ಭಯ ಕಮ್ಮಿ. ಲೇಸರ್‌ಗೆ ಮುಂಚಿನ ವಾರಗಳಲ್ಲಿ ವ್ಯಾಕ್ಸ್, ಥ್ರೆಡಿಂಗ್ ಬೇಡ, ಬೇರು ಒಳಗೇ ಇರಬೇಕು.

ಡಾಕ್ಟರ್ ಮಾತ್ರೆ ಕೊಟ್ಟರೆ, ಫಲ ಕಾಣಲು 6 ತಿಂಗಳಾದರೂ ಕಾಯಿರಿ. ಸ್ಪೈರೊನೊಲ್ಯಾಕ್ಟೋನ್ (ಗಂಡು ಹಾರ್ಮೋನಿನ ಪ್ರಭಾವ ತಡೆಯುವ ಮಾತ್ರೆ) ತೆಗೆದುಕೊಳ್ಳುವಾಗ ಗರ್ಭಿಣಿಯಾಗಬಾರದು, ಇದನ್ನು ಮರೆಯಬೇಡಿ.

ಏನೂ ತೆಗೆಯದೆ ಹಾಗೇ ಬಿಡಬೇಕು ಅನಿಸಿದರೆ ಬಿಡಿ. ಅದು ಕೊಳಕಲ್ಲ, ನಿಮ್ಮ ತಪ್ಪೂ ಅಲ್ಲ. ಯಾರಾದರೂ ದಿಟ್ಟಿಸಿದರೆ "ಹಾರ್ಮೋನ್‌ನಿಂದ ಹೀಗೆ" ಅಂತ ಒಂದೇ ಮಾತು ಹೇಳಿ, ವಿಷಯ ಬದಲಿಸಿ.