ಹುಳುವಿನ ಕರುಳಿನಿಂದಲೇ ಲಸಿಕೆ

ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹೀಮಾಂಕಸ್ ಹುಳುವಿಗೆ ಲಸಿಕೆ ಬೇಕೆಂದರೆ ಆ ಹುಳುವಿನ ಕರುಳಿಗೇ ಕೈ ಹಾಕಬೇಕು. ಅಲ್ಲಿನ ಒಳಪೊರೆಯ ಎಚ್11 ಮತ್ತು ಎಚ್-ಗಾಲ್-ಜಿಪಿ ಪ್ರೋಟೀನುಗಳು ಸೋಂಕಾದಾಗಲೂ ಕುರಿಯ ದೇಹಕ್ಕೆ ಕಾಣಿಸುವುದಿಲ್ಲ. ಚುಚ್ಚಿ ತೋರಿಸಿದರೆ ಅವನ್ನು ಹಿಡಿಯುವ ಪ್ರತಿಕಾಯ ಹುಟ್ಟುತ್ತದೆ. ಹುಳು ರಕ್ತದ ಜೊತೆ ಅದನ್ನೂ ಕುಡಿಯುತ್ತದೆ, ಅದರ ಜೀರ್ಣಶಕ್ತಿ ಕೆಡುತ್ತದೆ. ಸ್ಕಾಟ್ಲೆಂಡಿನ ಮೊರೆಡನ್ ಸಂಸ್ಥೆಯ ಸಂಶೋಧನೆಯಿಂದ ಹುಟ್ಟಿ 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಮಾರಾಟಕ್ಕೆ ಬಂದ ಬಾರ್ಬರ್‌ವ್ಯಾಕ್ಸ್ ಹೀಗೇ ಕೆಲಸ ಮಾಡುತ್ತದೆ. ಪ್ರಯೋಗಾಲಯದಲ್ಲಿ ನಾವು ಹಿಡಿದದ್ದೂ ಇದೇ ದಾರಿ.

ಜಂತುಮುಕ್ತ ಮರಿಗಳಿಗೆ ಲಾರ್ವಾ ಕುಡಿಸಿ, ಸುಮಾರು ನಾಲ್ಕು ವಾರಕ್ಕೆ ಹುಳು ತೆಗೆಯುತ್ತಿದ್ದೆವು. ಹೊಟ್ಟೆಯ ಸಾರವನ್ನು ಅಗಾರಿನಲ್ಲಿ (ಕಡಲಪಾಚಿಯ ಲೋಳೆಯಲ್ಲಿ) ಗಟ್ಟಿಮಾಡಿ 37 ಡಿಗ್ರಿಯ ಉಪ್ಪುನೀರಿನಲ್ಲಿಟ್ಟರೆ ಹುಳುಗಳು ತಾವೇ ಹೊರಬರುತ್ತವೆ, ಕಸ ಅಗಾರಿನಲ್ಲೇ ಉಳಿಯುತ್ತದೆ. ಆಮೇಲಿನದೆಲ್ಲ ಮಂಜುಗಡ್ಡೆಯ ಮೇಲೆ. ಅರೆದು, ಸೆಂಟ್ರಿಫ್ಯೂಜ್ ಮಾಡಿ, ನೀರಿನಲ್ಲಿ ಕರಗಿದ್ದನ್ನು ಚೆಲ್ಲಿ, ತಳದ ಗಸಿಯನ್ನು 1% ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕದಲ್ಲಿ ಕರಗಿಸಿದರೆ ಪೊರೆಯ ಪ್ರೋಟೀನುಗಳು ಬಿಡುಗಡೆಯಾಗುತ್ತವೆ. ಅದನ್ನು ಸಕ್ಕರೆ ಸರಪಳಿಯಿರುವ ಪ್ರೋಟೀನುಗಳನ್ನು ಹಿಡಿಯುವ ಕಾನ್-ಎ ಲೆಕ್ಟಿನ್ ತುಂಬಿದ ಕಾಲಂ ಮೂಲಕ ಹರಿಸಿ, ಅಂಟಿಕೊಂಡದ್ದನ್ನು ಸಕ್ಕರೆಯಂಥ ಮೀಥೈಲ್ ಮ್ಯಾನೊಸೈಡ್‌ನಿಂದ ಬಿಡಿಸಬೇಕು.

ಹೆಚ್ಚು ಕೆಡುವುದು ಇಲ್ಲೇ. ಪ್ರೋಟೀನು ಕತ್ತರಿಸುವ ಪ್ರೋಟಿಯೇಸ್ ಕಿಣ್ವಗಳನ್ನು ತಡೆಯಲೆಂದು ಹಾಕಿದ, ಲೋಹ ಹಿಡಿಯುವ ಇಡಿಟಿಎ ಉಳಿದಿದ್ದರೆ ಲೆಕ್ಟಿನ್‌ಗೆ ಬೇಕಾದ ಕ್ಯಾಲ್ಸಿಯಂ, ಮ್ಯಾಂಗನೀಸ್ ಕಳಚಿ ಏನೂ ಅಂಟುವುದಿಲ್ಲ. ಫಾಸ್ಫೇಟ್ ಬಫರಿನಲ್ಲಿ ಕ್ಯಾಲ್ಸಿಯಂ ಹಾಕಿದರೆ ಬಿಳಿ ಗಸಿ ಕೂರುತ್ತದೆ. ಟ್ರಿಸ್ ಬಫರ್ ಬಳಸಿ. ಜೆಲ್‌ನಲ್ಲಿ ಎಚ್11ರ ತೂಕಕ್ಕೆ ಸರಿಯಾದ 110 ಕಿಲೋಡಾಲ್ಟನ್ ಪಟ್ಟಿ ಕಂಡಿತೆಂದು ನಂಬಿ ಕೂರಬೇಡಿ. ಎಚ್11 ಅಮಿನೋಪೆಪ್ಟಿಡೇಸ್ ಕಿಣ್ವ. ಲ್ಯೂಸೀನ್ ನೈಟ್ರೋಆನಿಲೈಡ್ ಹಾಕಿ ಹಳದಿ ಬಣ್ಣ ಬರುತ್ತದೆಯೇ ನೋಡಿ. ಬರದಿದ್ದರೆ ಪ್ರೋಟೀನಿನ ಮಡಿಕೆ (ಅದರ ಸಹಜ ಆಕಾರ) ಕಳಚಿದೆ ಎಂದೇ ಅನುಮಾನಿಸಬೇಕು. ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಎಚ್11 ಕುರಿಯನ್ನು ಕಾಯದಿರಲು ಮಡಿಕೆ ಮತ್ತು ಸಕ್ಕರೆ ಸರಪಳಿಗಳೇ ಕಾರಣ ಎಂಬುದು ನನ್ನ ಅಂದಾಜು.

ಬಾರ್ಬರ್‌ವ್ಯಾಕ್ಸ್‌ನ 1 ಮಿ.ಲೀ. ಡೋಸ್‌ನಲ್ಲಿರುವುದು ಬರೀ 5 ಮೈಕ್ರೋಗ್ರಾಂ ಪ್ರತಿಜನಕ (ಪ್ರತಿಕಾಯ ಹುಟ್ಟಿಸುವ ಆ ಪ್ರೋಟೀನುಗಳು), ಜೊತೆಗೆ ಪ್ರತಿಕ್ರಿಯೆ ಹೆಚ್ಚಿಸುವ ಸಪೋನಿನ್ 1 ಮಿಲಿಗ್ರಾಂ. ನಾವೂ ಸಪೋನಿನ್‌ನಲ್ಲೇ ಬೆರೆಸಿ ಮೂರು ವಾರಕ್ಕೊಮ್ಮೆ ಮೂರು ಸಲ ಚರ್ಮದಡಿ ಕೊಟ್ಟೆವು. ಸಪೋನಿನ್ ಮಾತ್ರ ಕೊಟ್ಟ ಗುಂಪೊಂದು ಹೋಲಿಕೆಗೆ ಬೇಕೇ ಬೇಕು.

ಲಸಿಕೆಯ ಫಲ ಅಳೆಯಲು 3 ಗ್ರಾಂ ಹಿಕ್ಕೆ, 42 ಮಿ.ಲೀ. ಪರ್ಯಾಪ್ತ ಉಪ್ಪುದ್ರಾವಣ; ಮ್ಯಾಕ್‌ಮಾಸ್ಟರ್ ಸ್ಲೈಡಿನ ಎರಡೂ ಕೋಣೆಗಳ ಮೊಟ್ಟೆ ಎಣಿಸಿ 50ರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯಲ್ಲಿನ ಮೊಟ್ಟೆಗಳ ಲೆಕ್ಕ ಸಿಗುತ್ತದೆ. ಮೇಯುವ ಕುರಿಗಳಲ್ಲಾದರೆ ಹಿಕ್ಕೆಯಿಂದ ಲಾರ್ವಾ ಬೆಳೆಸಿ ಜಾತಿಯನ್ನೂ ಗುರುತಿಸಬೇಕು. ಟ್ರೈಕೋಸ್ಟ್ರಾಂಗೈಲಸ್ ಎಂಬ ಇನ್ನೊಂದು ಜಂತುವಿನ ಮೊಟ್ಟೆಗಳು ನೋಡಲು ಹಾಗೇ ಇರುತ್ತವೆ, ಆ ಹುಳುವಿಗೆ ಈ ಲಸಿಕೆ ತಾಗುವುದಿಲ್ಲ.

ಮೊದಲ ಎರಡು ಡೋಸ್‌ಗಳಿಂದ ರಕ್ಷಣೆ ಸಾಲದು. ಆ ಅವಧಿಯಲ್ಲಿ ಜಂತುನಾಶಕ ಕುಡಿಸಲೇಬೇಕು. ಸೋಂಕು ಪ್ರತಿಕಾಯವನ್ನು ಮತ್ತೆ ಕೆರಳಿಸುವುದಿಲ್ಲವಾದ್ದರಿಂದ ಹುಳುಬಾಧೆಯ ಋತು ಮುಗಿಯುವವರೆಗೆ ಆರು ವಾರಕ್ಕೊಮ್ಮೆ ಬೂಸ್ಟರ್ ತಪ್ಪಿದ್ದಲ್ಲ.